ಮಳೆಗಾಲಕ್ಕೊಂದು ಎನ್‌ಬಿಎ ಕ್ವಿಜ್: ಗೆಳೆಯರ ಬ್ಯಾಸ್ಕೆಟ್‌ಬಾಲ್ ಜ್ಞಾನವನ್ನು ಒರೆಗೆ ಹಚ್ಚುವ ಬಗೆ

ಬೆಳಗಾವಿಯಲ್ಲಿ ಮಳೆ ಹಿಡಿಯಿತೆಂದರೆ ಬಿಡುವುದು ಸೆಪ್ಟೆಂಬರಿಗೇ. ಟಿಳಕವಾಡಿಯಲ್ಲಿ ನಾವು ಸಂಜೆ ಹೊತ್ತು ಆಡುವ ಸಿಮೆಂಟಿನ ಕೋರ್ಟಿನ ಮೇಲೆ ಜುಲೈ ಹೊತ್ತಿಗೆ ಹಸಿರು ಪಾಚಿ ಕಟ್ಟುತ್ತದೆ, ಓಡಿದವನು ಜಾರುತ್ತಾನೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಫೈನಲ್ಸ್ ಮುಗಿಯುವುದೂ ಜೂನ್‌ನಲ್ಲಿಯೇ. ಅಲ್ಲಿ ರಾತ್ರಿ ಎಂಟೂವರೆಗೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಆರು ಗಂಟೆಗೆ ಬರುತ್ತದೆ. ಅದನ್ನು ನೋಡಲು ನಸುಕಿನಲ್ಲಿ ಏಳುತ್ತಿದ್ದವರಿಗೆ ಆಮೇಲೆ ನೋಡಲು ಪಂದ್ಯವಿಲ್ಲ, ಆಡಲು ಅಂಗಳವಿಲ್ಲ. ತಲೆ ತುಂಬ ಬ್ಯಾಸ್ಕೆಟ್‌ಬಾಲ್ ಇದ್ದು ಕೈಯಲ್ಲಿ ಚೆಂಡಿಲ್ಲದ ಈ ದಿನಗಳೇ ಕ್ವಿಜ್‌ಗೆ ಸರಿಯಾದ ಕಾಲ.

ಕೆಲವು ವರ್ಷಗಳಿಂದ ನಮ್ಮ ಗುಂಪಿಗೆ ಪ್ರಶ್ನೆ ತಯಾರಿಸುವವನು ನಾನೇ. ಮೊದಲ ವರ್ಷ ಮಾಡಿದ್ದು ಬರೀ ಅಂಕಿಸಂಖ್ಯೆಯ ಪರೀಕ್ಷೆ. ಯಾರು ಎಷ್ಟು ಅಂಕ, ಯಾವ ವರ್ಷ ಯಾರು ಚಾಂಪಿಯನ್, ಇಷ್ಟೇ. ಇಬ್ಬರು ಉತ್ತರ ಹೇಳಿದರು, ಉಳಿದ ಹದಿನಾರು ಮಂದಿ ಕಿಟಕಿಯಾಚೆ ಮಳೆ ನೋಡಿದರು. ನೆನಪಿನ ಶಕ್ತಿ ಅಳೆಯುವುದು ಬೇರೆ, ಆಟದ ಇತಿಹಾಸ ಗೊತ್ತಿದೆಯೇ ಎಂದು ನೋಡುವುದು ಬೇರೆ. ಉತ್ತರ ಗೊತ್ತಿಲ್ಲದವನೂ ಯೋಚಿಸುತ್ತಾ ಹೋದರೆ ತಲುಪಬಹುದಾದ ದಾರಿಯೊಂದು ಪ್ರಶ್ನೆಯೊಳಗೇ ಇರಬೇಕು. ಕೆಳಗಿನ ಹಂತಗಳೆಲ್ಲ ಆ ದಾರಿಯನ್ನು ಕಟ್ಟುವ ಬಗೆಗೇ.

ಹಂತ 1: ಬರುವವರು ಯಾರೆಂದು ಮೊದಲು ಬರೆದುಕೊಳ್ಳಿ

ಪ್ರಶ್ನೆ ಬರೆಯುವ ಮೊದಲು ಬರುವವರ ಹೆಸರಿನ ಪಟ್ಟಿ ಮಾಡಿ, ಪ್ರತಿಯೊಬ್ಬರ ಮುಂದೆ ಅವರು ಯಾವ ಕಾಲದಲ್ಲಿ ಈ ಆಟಕ್ಕೆ ಮನಸೋತರು ಎಂದು ಬರೆಯಿರಿ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಶಿಕಾಗೊ ಬುಲ್ಸ್ ಕಂಡವರು ಇದ್ದಾರೆ. ಕೋಬಿ ಬ್ರಯಂಟ್‌ಗಾಗಿ ಬಂದವರಿದ್ದಾರೆ. ಸ್ಟೆಫ್ ಕರಿಯ ಥ್ರೀ ಪಾಯಿಂಟರ್ (ದೂರದಿಂದ ಎಸೆಯುವ ಮೂರು ಅಂಕದ ಹೊಡೆತ) ನೋಡಿಯೇ ಚೆಂಡು ಹಿಡಿದ ಹೈಸ್ಕೂಲು ಹುಡುಗ ಹುಡುಗಿಯರಿದ್ದಾರೆ. ಮೂರು ಮೂರು ಮಂದಿಯ ತಂಡ ಮಾಡಿ, ಪ್ರತಿ ತಂಡದಲ್ಲೂ ಮೂರೂ ಕಾಲದವರು ಸೇರುವಂತೆ ನೋಡಿಕೊಳ್ಳಿ. ಪ್ರತಿ ವಯಸ್ಸಿನವರಿಗೂ ಬೇರೆ ಡಬ್ಬಿ ಇಟ್ಟು ಚೀಟಿ ಎತ್ತಿಸಿದರೆ ತಕರಾರಿರುವುದಿಲ್ಲ. ನಲವತ್ತೈದರ ಕಾಕಾ ಮತ್ತು ಒಂಬತ್ತನೇ ತರಗತಿಯ ಹುಡುಗ ತಲೆಗೆ ತಲೆ ಹಚ್ಚಿ ಪಿಸುಗುಟ್ಟುವುದನ್ನು ನೋಡುವುದೇ ನನಗೆ ಆ ಸಂಜೆಯ ದೊಡ್ಡ ಸಂತೋಷ.

ಹಂತ 2: ಇತಿಹಾಸವನ್ನು ಕಾಲಘಟ್ಟಗಳಾಗಿ ಹರಡಿಕೊಳ್ಳಿ

ಪ್ರಶ್ನೆಗಳೆಲ್ಲ ಒಂದೇ ಕಾಲದ ಮೇಲೆ ಬಿದ್ದರೆ ಕ್ವಿಜ್ ಕೆಟ್ಟಂತೆ. ಒಂದು ಹಾಳೆಯ ಮೇಲೆ ಗೆರೆ ಎಳೆದು ಈ ಗುರುತುಗಳನ್ನು ಹಾಕಿಕೊಳ್ಳಿ.

ಮೊದಲನೆಯದು ಹುಟ್ಟಿನ ಕಾಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ, 13 ನಿಯಮ ಬರೆದು ಆಟ ಆರಂಭಿಸಿದ್ದು. ಹೊರಗೆ ಚಳಿಗಾಲ, ಒಳಗೆ ಆಡಲು ಏನಾದರೂ ಬೇಕಿತ್ತು. ನಮಗೆ ಮಳೆ, ಅವರಿಗೆ ಹಿಮ. ಎರಡನೆಯದು 1946: ಇಂದಿನ ಎನ್‌ಬಿಎಯ ಮೂಲವಾದ ಬಿಎಎ ಲೀಗ್ ಹುಟ್ಟಿದ್ದು. ಅದರ ಮೊದಲ ಪಂದ್ಯ ನಡೆದದ್ದು ಅಮೆರಿಕದಲ್ಲಲ್ಲ, ಕೆನಡಾದ ಟೊರಾಂಟೊದಲ್ಲಿ, 1946ರ ನವೆಂಬರ್ 1ರಂದು. ನ್ಯೂಯಾರ್ಕ್ ನಿಕ್ಸ್ ತಂಡ ಟೊರಾಂಟೊ ಹಸ್ಕೀಸ್ ತಂಡವನ್ನು 68–66ರಿಂದ ಸೋಲಿಸಿತು. 1949ರಲ್ಲಿ ಇನ್ನೊಂದು ಲೀಗ್ ಜೊತೆ ವಿಲೀನಗೊಂಡು ಎನ್‌ಬಿಎ ಎಂಬ ಹೆಸರು ಬಂತು.

ಆಮೇಲೆ 1954ರ ಶಾಟ್ ಕ್ಲಾಕ್ (ಚೆಂಡು ಸಿಕ್ಕ ತಂಡ ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ಗಡಿಯಾರ), ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಯುಗ, 1967ರಿಂದ 1976ರವರೆಗೆ ಬಾಳಿದ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್, 1979ರಲ್ಲಿ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಕಾಲಿಟ್ಟದ್ದು, ಶಿಕಾಗೊ ಬುಲ್ಸ್‌ನ ಮೈಕೆಲ್ ಜೋರ್ಡನ್‌ನ ಆರು ಪ್ರಶಸ್ತಿಗಳು, 2003ರಲ್ಲಿ ಲೆಬ್ರಾನ್ ಜೇಮ್ಸ್ ಬಂದದ್ದು, ಕೊನೆಗೆ ಥ್ರೀ ಪಾಯಿಂಟರ್‌ಗಳ ಈ ಕಾಲ. ಎಬಿಎಯನ್ನು ದಯವಿಟ್ಟು ಬಿಡಬೇಡಿ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡಿನಿಂದ ಆಡುತ್ತಿದ್ದ ಆ ಲೀಗ್‌ನಿಂದಲೇ ನಗೆಟ್ಸ್, ನೆಟ್ಸ್, ಪೇಸರ್ಸ್, ಸ್ಪರ್ಸ್ ಎಂಬ ನಾಲ್ಕು ತಂಡಗಳು 1976ರಲ್ಲಿ ಎನ್‌ಬಿಎಗೆ ಬಂದವು. ಇಂದು ಎಲ್ಲರೂ ಎಸೆಯುವ ಮೂರು ಅಂಕದ ಹೊಡೆತವನ್ನು ಜನಪ್ರಿಯಗೊಳಿಸಿದ್ದೂ ಎಬಿಎ. ಎನ್‌ಬಿಎ ಅದನ್ನು ತನ್ನದಾಗಿಸಿಕೊಂಡದ್ದು 1979–80ರ ಸೀಸನ್‌ನಲ್ಲಿ.

ಮಹಿಳೆಯರ ಲೀಗ್‌ಗೂ ಈ ಹಾಳೆಯಲ್ಲಿ ಜಾಗ ಕೊಡಿ. ಡಬ್ಲ್ಯುಎನ್‌ಬಿಎ 1997ರಲ್ಲಿ ಆಡಲು ಶುರುಮಾಡಿತು. ಮೊದಲ ನಾಲ್ಕೂ ವರ್ಷ ಹ್ಯೂಸ್ಟನ್ ಕಾಮೆಟ್ಸ್ ಗೆದ್ದಿತು. ಆ ತಂಡವೇ ಇಂದು ಲೀಗ್‌ನಲ್ಲಿಲ್ಲ. ಇದಕ್ಕಿಂತ ಕುತೂಹಲ ಹುಟ್ಟಿಸುವ ಪ್ರಶ್ನೆ ಬೇಕೇ?

ಹಂತ 3: ಪ್ರಶ್ನೆಗೆ ದಾರಿ ಕಟ್ಟಿ

ಇದೇ ಮುಖ್ಯ ಕೆಲಸ, ಹೆಚ್ಚು ಹೊತ್ತು ಇಲ್ಲಿಯೇ ಕಳೆಯಿರಿ. ಒಂದು ಪ್ರಶ್ನೆಯನ್ನು ನಾನು ಹೇಗೆ ತಿದ್ದಿದೆನೆಂದು ತೋರಿಸುತ್ತೇನೆ.

ಮೊದಲು ಬರೆದದ್ದು: "ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ಊರು ಯಾವುದು?" ಗೊತ್ತಿದ್ದವನು ತಕ್ಷಣ ಹೇಳುತ್ತಾನೆ, ಗೊತ್ತಿಲ್ಲದವನು ಅಲ್ಲಿಗೇ ಮುಗಿದ. ಇದನ್ನು ಹೀಗೆ ತಿದ್ದಿದೆ: "ಗೋಕಾಕ ಎಂದರೆ ಕರದಂಟು ನೆನಪಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಊರಿದೆ, ಅದರ ಹೆಸರು ಹೇಳಿದರೆ ಬಾಯಿಗೆ ಚಾಕೊಲೇಟ್ ಬರುತ್ತದೆ. 1962ರ ಮಾರ್ಚ್ 2ರಂದು ಫಿಲಡೆಲ್ಫಿಯಾ ವಾರಿಯರ್ಸ್ ತಂಡ ತನ್ನ ಊರು ಬಿಟ್ಟು ಅಲ್ಲಿ ಆಡಿತು. ಆ ರಾತ್ರಿಯ ಪಂದ್ಯದ ಟಿವಿ ಚಿತ್ರಣ ಎಲ್ಲಿಯೂ ಇಲ್ಲ, ಆದರೆ ಒಂದು ಹಾಳೆಯ ಮೇಲೆ ಸಂಖ್ಯೆಯೊಂದನ್ನು ಬರೆದು ಹಿಡಿದ ಆಟಗಾರನ ಫೋಟೊ ಎಲ್ಲರೂ ನೋಡಿದ್ದೀರಿ. ಊರು ಯಾವುದು?" ಉತ್ತರ ಹರ್ಷೀ. ಎನ್‌ಬಿಎ ಗೊತ್ತಿಲ್ಲದ, ಅಂಗಡಿಯಲ್ಲಿ ಆ ಚಾಕೊಲೇಟಿನ ಸಿರಪ್ ಕಂಡ ಹುಡುಗಿಯೊಬ್ಬಳು ಇದಕ್ಕೆ ಉತ್ತರ ಬರೆದಳು. ಅವಳ ತಂಡದ ಕಾಕಾ ಅವಳತ್ತ ತಿರುಗಿದ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇದೇ ಪಂದ್ಯದಿಂದ ಇನ್ನೊಂದು ಪ್ರಶ್ನೆ ತೆಗೆಯಬಹುದು. ಚೇಂಬರ್ಲೇನ್ ಫ್ರೀ ಥ್ರೋಗಳಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ತಡೆಯದ ಎಸೆತ) ಬಹಳ ಹಿಂದೆ. ಜೀವಮಾನವಿಡೀ ಸುಮಾರು ಅರ್ಧದಷ್ಟನ್ನು ತಪ್ಪಿಸಿದವನು. ಆ ರಾತ್ರಿ 32ರಲ್ಲಿ 28 ಹಾಕಿದ. ಅವನ ಬಲಹೀನತೆಯೇ ಕೈಹಿಡಿಯದಿದ್ದರೆ 100 ಆಗುತ್ತಿರಲಿಲ್ಲ. "ಆ ರಾತ್ರಿ ಅವನಿಗೆ ನೆರವಾದದ್ದು, ಉಳಿದ ರಾತ್ರಿಗಳಲ್ಲಿ ಕೈಕೊಡುತ್ತಿದ್ದದ್ದು ಯಾವುದು?" ಎಂದು ಕೇಳಿ ನೋಡಿ. ಆಟ ಬಲ್ಲವರು ಯೋಚಿಸಿ ತಲುಪುತ್ತಾರೆ.

ಕಾರಣ ಕೇಳುವ ಪ್ರಶ್ನೆಗಳೇ ಎಲ್ಲಕ್ಕಿಂತ ಒಳ್ಳೆಯವು. ಶಾಟ್ ಕ್ಲಾಕ್‌ನಲ್ಲಿ 24 ಸೆಕೆಂಡ್ ಏಕೆ, 25 ಅಥವಾ 30 ಏಕಲ್ಲ? ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ತನಗೆ ಇಷ್ಟವಾದ ಪಂದ್ಯಗಳ ಲೆಕ್ಕ ತೆಗೆದ. ಚೆನ್ನಾಗಿ ನಡೆದ ಪಂದ್ಯದಲ್ಲಿ ಒಂದೊಂದು ತಂಡ ಸುಮಾರು 60 ಸಲ ಬುಟ್ಟಿಗೆ ಎಸೆಯುತ್ತಿತ್ತು, ಎರಡೂ ಸೇರಿ 120. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಈ ಪ್ರಶ್ನೆ ಕೇಳುವಾಗ ನಾನು 48 ಮತ್ತು 120 ಎರಡನ್ನೂ ಫಲಕದ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಪೆನ್ನುಗಳು ಓಡತೊಡಗುತ್ತವೆ. ಗಣಿತವೆಂದರೆ ಹಿಂದೆ ಸರಿಯುವ ಹುಡುಗರೂ ಭಾಗಾಕಾರ ಮಾಡುತ್ತಾರೆ. ಉತ್ತರ ಹೇಳುವಾಗ ಮುಂದಿನ ಸಂಗತಿಯನ್ನೂ ಸೇರಿಸಿ: ಗಡಿಯಾರ ಬಂದ ಮೊದಲ ಸೀಸನ್‌ನಲ್ಲಿ, 1954–55ರಲ್ಲಿ, ಪ್ರಶಸ್ತಿ ಗೆದ್ದದ್ದು ಬಯಸೋನ್‌ನ ತಂಡವೇ.

ತಂಡಗಳ ಹೆಸರಿನ ಪ್ರಶ್ನೆಗಳು ನಮ್ಮ ಕಡೆಯವರಿಗೆ ಬಹಳ ಬೇಗ ಹತ್ತುತ್ತವೆ. ಇಲ್ಲಿ ಅಡ್ಡಹೆಸರೇ ಊರು. ಹುಕ್ಕೇರಿ, ಅಥಣಿ, ಸವದತ್ತಿ ಎಂಬ ಅಡ್ಡಹೆಸರಿನವರು ಬೆಳಗಾವಿಯಲ್ಲಿ ಮೂರು ತಲೆಮಾರಿನಿಂದ ಇದ್ದರೂ ಊರು ಹೆಸರಿನಲ್ಲಿ ಉಳಿದಿರುತ್ತದೆ. ಎನ್‌ಬಿಎ ತಂಡಗಳೂ ಹಾಗೆಯೇ. ಲೇಕರ್ಸ್ ಎಂದರೆ ಸರೋವರದವರು. ಆ ತಂಡ ಈಗಿರುವ ಲಾಸ್ ಏಂಜಲೀಸ್‌ನಲ್ಲಿ ಸರೋವರಗಳ ಮಾತೆಲ್ಲಿ? ಆ ತಂಡ 1960ರವರೆಗೆ ಸರೋವರಗಳ ನಾಡಾದ ಮಿನ್ನೆಸೋಟದ ಮಿನಿಯಾಪೊಲಿಸ್‌ನಲ್ಲಿತ್ತು. ಜಾಝ್ ಸಂಗೀತದ ನಂಟಿಲ್ಲದ ಯೂಟಾಕ್ಕೆ ಜಾಝ್ ಎಂಬ ತಂಡ ಬಂದದ್ದು 1979ರಲ್ಲಿ, ನ್ಯೂ ಆರ್ಲಿಯನ್ಸ್‌ನಿಂದ. ಮೆಂಫಿಸ್ ಗ್ರಿಜ್ಲೀಸ್ ಕರಡಿಯ ಹೆಸರು ಹೊತ್ತು ಬಂದದ್ದು 2001ರಲ್ಲಿ ಕೆನಡಾದ ವ್ಯಾಂಕೂವರ್‌ನಿಂದ. "ಈ ತಂಡದ ಅಡ್ಡಹೆಸರು ಯಾವ ಊರಿನದು?" ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಬಿಡಿಸಿಕೊಳ್ಳುತ್ತಾರೆ.

ಹಂತ 4: ಉತ್ತರಕ್ಕೆ ಬೀಗ ಹಾಕಿ

ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು. ಹೇಳಲು ಸುಲಭ, ಮಾಡುವಾಗ ಕಾಲು ಜಾರುತ್ತದೆ. ಎರಡನೇ ವರ್ಷ ನಾನು "ಎನ್‌ಬಿಎಯ ಮೊದಲ ಕಪ್ಪು ವರ್ಣದ ಆಟಗಾರ ಯಾರು?" ಎಂದು ಕೇಳಿದೆ. ಎರಡು ತಂಡಗಳು ಅರ್ಲ್ ಲಾಯ್ಡ್ ಎಂದವು. ಇನ್ನೊಂದು ತಂಡ ಚಕ್ ಕೂಪರ್ ಎಂದಿತು. ನಾನು ಕೂಪರ್ ಉತ್ತರಕ್ಕೆ ಸೊನ್ನೆ ಹಾಕಿದೆ. ಆ ತಂಡದ ಹುಡುಗ ಎದ್ದು ನಿಂತು, "ಕಾಕಾ, ನೀವು ಕೇಳಿದ್ದು ಆಡಿದವರನ್ನೋ, ಆಯ್ಕೆಯಾದವರನ್ನೋ?" ಎಂದ. ಅವನ ಮಾತು ನೂರಕ್ಕೆ ನೂರು ಸರಿ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1950ರಲ್ಲಿ, ಆಯ್ಕೆಯಾದ ಮೊದಲ ಕಪ್ಪು ವರ್ಣದವನು ಕೂಪರ್. ಆ ವರ್ಷ ಅಕ್ಟೋಬರ್ 31ರಂದು ಅಂಗಳಕ್ಕಿಳಿದು ಮೊದಲು ಆಡಿದವನು ಲಾಯ್ಡ್. ಅಲ್ಲದೆ ಲೀಗ್ ಇನ್ನೂ ಬಿಎಎ ಆಗಿದ್ದ 1947ರಲ್ಲಿಯೇ ಜಪಾನಿ ಮೂಲದ ವಾಟರು ಮಿಸಾಕಾ ನಿಕ್ಸ್ ಪರ ಆಡಿ ಬಿಳಿಯರಲ್ಲದ ಮೊದಲ ಆಟಗಾರನಾಗಿದ್ದ. ಮೂರು ಮಂದಿ ಮೂರು ಬಾಗಿಲು ತೆರೆದವರು. ನನ್ನ ಒಂದು ಸಡಿಲ ಪದ ಇಬ್ಬರನ್ನು ಮರೆಮಾಡಿತ್ತು. ಅಂಕ ತಿದ್ದಿದೆ, ಹುಡುಗನಿಗೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ.

ಅಂದಿನಿಂದ "ಮೊದಲ", "ಅತಿ ಹೆಚ್ಚು", "ಏಕೈಕ" ಎಂಬ ಮೂರು ಪದಗಳನ್ನು ಬರೆದಾಗಲೆಲ್ಲ ಕೆಂಪು ಪೆನ್ನಿನಿಂದ ಗೆರೆ ಎಳೆದು ಮತ್ತೆ ಪರೀಕ್ಷಿಸುತ್ತೇನೆ. ನಮ್ಮ ದೇಶದ ಪ್ರಶ್ನೆಯಲ್ಲೂ ಇದೇ ತೊಡಕಿದೆ. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ 52ನೆಯವನಾಗಿ ಆಯ್ಕೆ ಮಾಡಿದ ಪಂಜಾಬಿನ ಸತ್ನಾಮ್ ಸಿಂಗ್, ಡ್ರಾಫ್ಟ್ ಆದ ಮೊದಲ ಭಾರತೀಯ. ಆದರೆ ಎನ್‌ಬಿಎ ಪಂದ್ಯ ಆಡಲಿಲ್ಲ. ಅದೇ ವರ್ಷ ಸ್ಯಾಕ್ರಮೆಂಟೊ ಕಿಂಗ್ಸ್ ಪರ ಅಂಗಳಕ್ಕಿಳಿದ ಸಿಮ್ ಭುಲ್ಲರ್ ಭಾರತೀಯ ಮೂಲದ ಮೊದಲ ಆಟಗಾರ; ಅವನು ಕೆನಡಾದವನು.

ಬ್ಲಾಕ್ (ಎದುರಾಳಿಯ ಎಸೆತವನ್ನು ತಡೆಯುವುದು) ಮತ್ತು ಸ್ಟೀಲ್ (ಚೆಂಡನ್ನು ಕಸಿಯುವುದು) ದಾಖಲೆ ಕೇಳುವಾಗ "ಅಧಿಕೃತ ಲೆಕ್ಕದಂತೆ" ಎಂಬ ಮಾತು ಬಿಟ್ಟರೆ ಜಗಳ ಖಚಿತ. ಎನ್‌ಬಿಎ ಇವೆರಡನ್ನೂ ಎಣಿಸಲು ಶುರುಮಾಡಿದ್ದು 1973–74ರಲ್ಲಿ. ಬ್ಲಾಕ್ ಮಾಡುವುದನ್ನೇ ಕಲೆಯಾಗಿಸಿದ ರಸೆಲ್ 1969ರಲ್ಲೇ ನಿವೃತ್ತನಾಗಿದ್ದ, ಚೇಂಬರ್ಲೇನ್ 1973ರಲ್ಲಿ. ಪಟ್ಟಿಯ ಮೇಲ್ತುದಿಯಲ್ಲಿ 3,830 ಬ್ಲಾಕ್‌ಗಳ ಹಕೀಂ ಒಲಾಜುವಾನ್ ಇದ್ದಾನೆ, ಆ ಇಬ್ಬರ ಹೆಸರಿನ ಮುಂದೆ ಒಂದೂ ಇಲ್ಲ. ಎಣಿಸದಿದ್ದ ಮಾತ್ರಕ್ಕೆ ನಡೆಯಲಿಲ್ಲವೆಂದಲ್ಲ. ಇದನ್ನೇ ಪ್ರಶ್ನೆ ಮಾಡಿ: "ರಸೆಲ್‌ನ ಅಧಿಕೃತ ಬ್ಲಾಕ್ ಎಷ್ಟು, ಏಕೆ?"

ಈಗಲೂ ಆಡುತ್ತಿರುವವರ ಒಟ್ಟು ಲೆಕ್ಕವನ್ನು ಕೇಳಬೇಡಿ. ಮುಂದಿನ ಪಂದ್ಯಕ್ಕೆ ಅದು ಹಳಸುತ್ತದೆ. ಕದಲದ ಸಂಖ್ಯೆಗಳನ್ನು ಹಿಡಿಯಿರಿ. ಕರೀಂ ಅಬ್ದುಲ್ ಜಬ್ಬಾರ್ ಜೀವಮಾನದಲ್ಲಿ ಗಳಿಸಿದ 38,387 ಅಂಕ ಕದಲುವುದಿಲ್ಲ. ಲೆಬ್ರಾನ್ ಅದನ್ನು ದಾಟಿದ ದಿನ, 2023ರ ಫೆಬ್ರವರಿ 7, ಅದೂ ಕದಲುವುದಿಲ್ಲ.

ಪ್ರತಿ ಉತ್ತರವನ್ನೂ ಎರಡು ಕಡೆ ತಾಳೆ ನೋಡಿ. ಲೀಗ್‌ನ ಅಧಿಕೃತ ದಾಖಲೆ ಒಂದು ಇರಲಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರದ ಮೇಲಿನ ಬರಹವನ್ನು ನಂಬಿ ಪ್ರಶ್ನೆ ಮಾಡಬೇಡಿ.

ಹಂತ 5: ಸುತ್ತುಗಳನ್ನು ಜೋಡಿಸಿ

ಒಟ್ಟು 24 ಪ್ರಶ್ನೆ ಸಾಕು. ಒಂದೂವರೆ ತಾಸು ಮೀರಿದರೆ ಮಕ್ಕಳು ದಣಿಯುತ್ತಾರೆ. ಮೊದಲ ಆರು ಎಲ್ಲರಿಗೂ ಒಲಿಯುವಂತಿರಲಿ: ಬುಟ್ಟಿ ನೆಲದಿಂದ ಎಷ್ಟು ಎತ್ತರ (ಹತ್ತು ಅಡಿ), ಆಟ ಹುಟ್ಟಿದಾಗ ಯಾವ ಹಣ್ಣಿನ ಬುಟ್ಟಿ. ಮೊದಲ ಸುತ್ತಿನಲ್ಲಿ ಸೊನ್ನೆ ಪಡೆದ ತಂಡ ಆಮೇಲೆ ಬಾಯಿ ಬಿಡುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು.

ನಡುವೆ ಒಂದು ಸರಪಳಿ ಸುತ್ತು ಇಡಿ. ಒಂದರ ಉತ್ತರ ಮುಂದಿನದಕ್ಕೆ ಕೊಂಡಿಯಾಗಬೇಕು. ನನಗೆ ಬಹಳ ಪ್ರಿಯವಾದ ಸರಪಳಿ ಇದು. 13 ಸೀಸನ್‌ಗಳಲ್ಲಿ 11 ಪ್ರಶಸ್ತಿ ಗೆದ್ದ ಆಟಗಾರ ಯಾರು? ಬಿಲ್ ರಸೆಲ್. ಅವನು ಎಷ್ಟು ಸಲ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ? ಒಮ್ಮೆಯೂ ಇಲ್ಲ. ಏಕೆ? ಆ ಪ್ರಶಸ್ತಿ ಶುರುವಾದದ್ದೇ 1969ರಲ್ಲಿ, ಅವನ ಕೊನೆಯ ವರ್ಷ. ಆ ವರ್ಷ ಗೆದ್ದದ್ದು ಅವನ ತಂಡವೇ ಅಲ್ಲವೇ, ಹಾಗಾದರೆ ಯಾರಿಗೆ ಹೋಯಿತು? ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್‌ಗೆ. ಇಂದು ಆ ಪ್ರಶಸ್ತಿಗೆ ಯಾರ ಹೆಸರು? ಬಿಲ್ ರಸೆಲ್‌ನದೇ, 2009ರಿಂದ. ಐದು ಪ್ರಶ್ನೆ ಮುಗಿಯುವಷ್ಟರಲ್ಲಿ ಕೋಣೆಯಲ್ಲಿ ಒಂದು ಮೌನ ಬರುತ್ತದೆ. ಮುಂದಿನ ಸುತ್ತಿಗೆ ಅವಸರ ಮಾಡಬೇಡಿ, ಒಂದು ಗಳಿಗೆ ಹಾಗೆಯೇ ಇರಲು ಬಿಡಿ.

ಜೋರ್ಡನ್ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಮೂಲೆಯ ಸಂಗತಿ ಹುಡುಕಿ. 23ನೇ ಸಂಖ್ಯೆಯ ಅಂಗಿ, ನಂತರ ಕೆಲಕಾಲ 45 ಧರಿಸಿದ್ದ ಅವನು ಬುಲ್ಸ್ ಪರ ಒಂದೇ ಒಂದು ರಾತ್ರಿ 12 ಧರಿಸಿದ. ಏಕೆ? 1990ರ ಫೆಬ್ರವರಿ 14ರಂದು ಒರ್ಲ್ಯಾಂಡೊದಲ್ಲಿ ಅವನ ಅಂಗಿಯನ್ನು ಯಾರೋ ಕದ್ದಿದ್ದರು. ಹೆಸರಿಲ್ಲದ ಅಂಗಿಯಲ್ಲಿ 49 ಅಂಕ ಗಳಿಸಿದ.

ಭಾರತದ ಸುತ್ತನ್ನು ಕೊನೆಗಿಂತ ಸ್ವಲ್ಪ ಮೊದಲು ಇಡಿ. 2019ರ ಅಕ್ಟೋಬರಿನಲ್ಲಿ ಮುಂಬೈನಲ್ಲಿ ಪೇಸರ್ಸ್ ಮತ್ತು ಕಿಂಗ್ಸ್ ಎರಡು ಪಂದ್ಯ ಆಡಿದ್ದು, 1980ರಲ್ಲಿ ನಮ್ಮ ಪುರುಷರ ತಂಡ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಇಲ್ಲಿ ಸೇರುತ್ತವೆ. ಬೆಳಗಾವಿಯಿಂದ ಮುಂಬೈಗೆ ಒಂದು ರಾತ್ರಿಯ ಬಸ್ ಪ್ರಯಾಣ. ಎನ್‌ಬಿಎ ನಮಗೆ ಅಷ್ಟು ಹತ್ತಿರ ಬಂದಿತ್ತೆಂದು ಹೇಳಿದಾಗ ಹುಡುಗರ ಕಣ್ಣು ಅರಳುತ್ತವೆ.

ಹಂತ 6: ಆ ಸಂಜೆ

ಬೇಕಾಗುವುದು ಇಷ್ಟೇ: ಒಂದು ಹಜಾರ, ಒಂದು ಫಲಕ, ಅಂಗೈಯಗಲದ ಚೀಟಿಗಳ ಕಟ್ಟು, ಪೆನ್ನುಗಳು, ಎಲ್ಲರ ಮೊಬೈಲ್ ಹಾಕಿಡಲು ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ. ಗಂಟೆ ಒತ್ತಿ ಉತ್ತರಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಅದರಲ್ಲಿ ಚುರುಕು ಕೈಯವನು ಗೆಲ್ಲುತ್ತಾನೆ, ಯೋಚಿಸುವವನು ಹಿಂದೆ ಬೀಳುತ್ತಾನೆ. ಎಲ್ಲ ತಂಡಗಳೂ ಚೀಟಿಯ ಮೇಲೆ ಬರೆದು ಕೊಡಲಿ. ಪ್ರಶ್ನೆಯನ್ನು ಕನ್ನಡದಲ್ಲಿ ನಿಧಾನವಾಗಿ ಎರಡು ಸಲ ಓದಿ, ಆಮೇಲೆ 24 ಸೆಕೆಂಡ್ ಎಣಿಸಿ. ಉತ್ತರ ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ ಒಪ್ಪಿಕೊಳ್ಳಿ. ಹೆಸರಿನ ಕಾಗುಣಿತಕ್ಕೆ ಅಂಕ ಕಳೆಯಬೇಡಿ.

ಸರಿ ಉತ್ತರಕ್ಕೆ ಎರಡು ಅಂಕ. ಇದರ ಮೇಲೆ ಮೂರನೆಯ ಅಂಕವೊಂದನ್ನು ಇಟ್ಟಿದ್ದೇನೆ: ಉತ್ತರದ ಕಾರಣವನ್ನು ಒಂದು ಸಾಲಿನಲ್ಲಿ ಬರೆದವರಿಗೆ. "ಲೇಕರ್ಸ್, ಮಿನಿಯಾಪೊಲಿಸ್" ಎಂದರೆ ಎರಡು. "ಅಲ್ಲಿ ಕೆರೆಗಳು ಬಹಳ" ಎಂದೂ ಬರೆದರೆ ಮೂರು. ಈ ಒಂದು ಅಂಕ ಬಂದ ಮೇಲೆ ನಮ್ಮ ಕ್ವಿಜ್‌ನ ಸ್ವರೂಪವೇ ಬದಲಾಯಿತು. ಊಹಿಸುವವರು ಕಡಿಮೆಯಾಗಿ ಬಿಡಿಸಿಕೊಳ್ಳುವವರು ಹೆಚ್ಚಾದರು. ತಪ್ಪಿಗೆ ಅಂಕ ಕಳೆಯುವ ಗೋಜಿಗೆ ಹೋಗಬೇಡಿ.

ತಕರಾರು ಬಂದರೆ ಆ ಸುತ್ತು ಮುಗಿಯುವವರೆಗೆ ಕಾಯ್ದಿರಿಸಿ, ಡಬ್ಬಿ ತೆರೆಯದೆ ನಿಮ್ಮ ಟಿಪ್ಪಣಿ ಪುಸ್ತಕ ನೋಡಿ ತೀರ್ಮಾನಿಸಿ. ಪುಸ್ತಕದಲ್ಲಿ ಇಲ್ಲದಿದ್ದರೆ ಪ್ರಶ್ನೆಯನ್ನೇ ರದ್ದು ಮಾಡಿ. ಬಹುಮಾನಕ್ಕೆ ಅರ್ಧ ಕಿಲೊ ಕುಂದಾ ಸಾಕು. ಗೆದ್ದವರು ಡಬ್ಬಿ ಬಿಚ್ಚಿ ಎಲ್ಲರಿಗೂ ಹಂಚುವುದು ನಮ್ಮಲ್ಲಿ ರೂಢಿ.

ಹಂತ 7: ಸಮಬಲವಾದರೆ

ಇದಕ್ಕೆ ನನ್ನ ಬಳಿ ಯಾವಾಗಲೂ ಒಂದೇ ಜೋಡಿ ಸಿದ್ಧವಿರುತ್ತದೆ. ಹತ್ತಿರದ ಸಂಖ್ಯೆ ಬರೆದವರು ಗೆದ್ದಂತೆ. ಶಾಟ್ ಕ್ಲಾಕ್ ಬರುವ ಮೊದಲು, 1950ರ ನವೆಂಬರ್ 22ರಂದು ನಡೆದ ಪಂದ್ಯವೇ ಎನ್‌ಬಿಎಯಲ್ಲಿ ಅತಿ ಕಡಿಮೆ ಅಂಕ ಕಂಡ ಪಂದ್ಯ. ಎರಡೂ ತಂಡ ಸೇರಿ ಎಷ್ಟು? ಫೋರ್ಟ್ ವೇನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18, ಒಟ್ಟು 37. ಫೋರ್ಟ್ ವೇನ್ ತಂಡ ಚೆಂಡು ಬಿಡದೆ ಹಿಡಿದು ನಿಂತಿತ್ತು, ಎಸೆಯಲೇಬೇಕೆಂಬ ಗಡಿಯಾರ ಇರಲಿಲ್ಲ.

ಇದರಲ್ಲೂ ಸಮವಾದರೆ ಎರಡನೆಯದು: 1983ರ ಡಿಸೆಂಬರ್ 13ರಂದು ಡೆನ್ವರ್‌ನಲ್ಲಿ ಮೂರು ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಮತ್ತು ನಗೆಟ್ಸ್ ಸೇರಿ ಗಳಿಸಿದ್ದೆಷ್ಟು? ಮೊದಲ ಪಂದ್ಯದ ಪಿಸ್ಟನ್ಸ್ ತಂಡವೇ ಇದು, 1957ರಲ್ಲಿ ಊರು ಬದಲಿಸಿತ್ತು. ತಂಡಗಳು ಬರೆದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಫಲಕದ ಮೇಲೆ ಆಗಲೇ ಇರುವ 37ರ ಕೆಳಗೆ 186 ಎಂದು ಬರೆಯುತ್ತೇನೆ, ಅದರ ಕೆಳಗೆ 184. ಕೂಡಿಸುವ ಕೆಲಸವನ್ನು ಕೋಣೆಯಲ್ಲಿರುವ ಅತಿ ಚಿಕ್ಕ ಹುಡುಗ ಅಥವಾ ಹುಡುಗಿಗೆ ಕೊಡುತ್ತೇನೆ. ಸುಣ್ಣದ ಕಡ್ಡಿಯಿಂದ 370 ಬರೆದು, ಮೇಲಿನ 37 ನೋಡಿ, ಮತ್ತೆ ಕೆಳಗೆ ನೋಡಿ, ಅವರು ನಮ್ಮ ಕಡೆ ತಿರುಗುತ್ತಾರೆ.